ಹನ್ನೆರಡು ದಿನದ ಸಂಡಾಸ

ದಸರಾ ಮುಗಿದ ವಾರ. ತಾಂಡೂರಿನ ಹೊರಗೆ, ಕರಣಕೋಟದ ರಸ್ತೆಗೆ ಹತ್ತಿದ ಒಂದು ಮನೆಯಲ್ಲಿ ಈಶಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಮಾಣಿಕ ಪಕ್ಕದಲ್ಲೇ ಕುಳಿತು ಪುಂಡಿಪಲ್ಯ ಸೋಸುತ್ತಿದ್ದ. ಅಷ್ಟರಲ್ಲಿ ಮಗ ಜೈಪಾಲ ಕೆಲಸದಿಂದ ಬಂದ. ಕೈಕಾಲು ಸಹ ತೊಳೆಯದೆ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವ್ವನ ಮುಂದೆ ಕುಳಿತ.

"ಅವ್ವಾ, ಇದನ್ನ ಬಾಯಿಪಾಠ ಮಾಡಬೇಕು ನೋಡು" ಅಂದ.

ಐವತ್ತೈದರ ಈಶಮ್ಮನಿಗೆ ನಗು ಬಂತು. "ಈ ವಯಸ್ಸಿನಾಗ ನನ್ನ ಯಾವ ಸಾಲಿಗಿ ಹಚ್ತಿಯೋ ತಮ್ಮಾ?"

ಜೈಪಾಲ ನಗಲಿಲ್ಲ. ತಾಯಿ ಮಗ ಇಬ್ಬರೂ ದುಡಿಯುವುದು ಒಂದೇ ಕಡೆ, ಹಣಮಂತರಾಯರ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ. ಗಣಿಯಿಂದ ಬಂದ ನೀಲಿಗಲ್ಲನ್ನು ಕೊಯ್ದು, ಉಜ್ಜಿ, ಫರಸಿ ಮಾಡಿ ಕಳಿಸುವ ಜಾಗ. ಮಷಿನ್ನಿನ ಮುಂದೆ ಗಂಡಸರು. ಹೊರುವುದು, ಒಟ್ಟುವುದು, ತೊಳೆಯುವುದು, ಅಂಚು ತಿಕ್ಕುವುದು ಹದಿನಾಲ್ಕು ಜನ ಹೆಂಗಸರ ಪಾಲು. ಈಶಮ್ಮ ಅಲ್ಲಿ ಸೇರಿ ಹತ್ತೊಂಬತ್ತು ವರ್ಷ. ಜೈಪಾಲ ಎರಡು ವರ್ಷದಿಂದ ಮುಕಾದಮ. ಹಾಜರಿ ಹಿಡಿಯುವವನು, ಕೆಲಸ ಹಂಚುವವನು, ಮಾಲಕರ ಬೈಗುಳವನ್ನು ಎಲ್ಲರಿಗಿಂತ ಮೊದಲು ತಿನ್ನುವವನು.

ಸಂಗತಿ ಹೀಗಿತ್ತು. ಇಂಗ್ಲೆಂಡಿನ ಒಂದು ಕಂಪನಿ ಅಲ್ಲಿನ ಮನೆಗಳ ಅಂಗಳಕ್ಕೆ ಹಾಸಲು ನಾಲ್ಕು ಕಂಟೇನರ್ ಫರಸಿ ಕೇಳಿತ್ತು. ಎರಡು ದೇಶಗಳ ನಡುವೆ ವ್ಯಾಪಾರದ ಹೊಸ ಕರಾರು ಆಗಿದೆ, ಇನ್ನು ಮುಂದೆ ಮಾಲು ಹೋಗುವುದು ಸಲೀಸು ಎಂದು ಊರೆಲ್ಲ ಮಾತು. ಆದರೆ ಕಲ್ಲು ಕೊಳ್ಳುವ ಮೊದಲು, ಅದನ್ನು ಕೊಯ್ಯುವ ಜನ ಹೇಗಿದ್ದಾರೆ ಎಂದು ನೋಡಲು ಕಂಪನಿಯ ಪರವಾಗಿ ಹೈದರಾಬಾದಿನಿಂದ ಒಬ್ಬ ಮೇಡಂ ಬರುವವರಿದ್ದರು. ಇನ್ನು ಒಂದು ತಿಂಗಳು. ಅವರು ಕೇಳಬಹುದಾದ ಪ್ರಶ್ನೆ, ಹೆಂಗಸರು ಕೊಡಬೇಕಾದ ಉತ್ತರ, ಎಲ್ಲ ಆ ಕಾಗದದಲ್ಲಿದ್ದವು.

ಜೈಪಾಲ ಓದುತ್ತ ಹೋದ. ಮೂಗಿಗೆ ಕಟ್ಟಿಕೊಳ್ಳಲು ಮಾಸ್ಕ್ ಕೊಡುತ್ತಾರೆಯೇ? ಹೌದು. ಕೈಗೆ ಗವಸು? ಹೌದು. ವಾರಕ್ಕೊಂದು ದಿನ ಪಗಾರಿನ ಸಮೇತ ಸೂಟಿ? ಹೌದು. ಈಶಮ್ಮ ಹಿಟ್ಟಿನ ಕೈ ನಿಲ್ಲಿಸಿ ಕೇಳುತ್ತಲೇ ಇದ್ದಳು. ಕರೆಂಟು ಹೋದ ದಿನವೇ ಅವರಿಗೆ ಸೂಟಿ, ಅವತ್ತು ಕೆಲಸವೂ ಇಲ್ಲ, ಕೂಲಿಯೂ ಇಲ್ಲ.

"ಹೆಂಗಸರಿಗೆ ಸಂಡಾಸ ಅದ ಏನು ಅಂತ ಕೇಳ್ತಾರ. ಹೌದ್ರಿ ಅನ್ಬೇಕು."

"ಎಲ್ಲದ?"

"ಮಾಲಕರ ಆಫೀಸಿಂದು ತೋರಸ್ರಿ."

"ಅದಕ್ಕ ಬೀಗ ಇರ್ತದಲ್ಲೋ."

"ಅವತ್ತ ಇರಂಗಿಲ್ಲ."

ಈಶಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಹತ್ತೊಂಬತ್ತು ವರ್ಷ ಅವಳು ಕಲ್ಲಿನ ಚೂರಿನ ದಿಬ್ಬದ ಆಚೆ, ಜಾಲಿಗಿಡದ ಮರೆಗೆ ಹೋಗಿಬಂದವಳು. ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು. ಆ ಉಸಾಬರಿ ಬೇಡವೆಂದು ಬೇಸಿಗೆಯಲ್ಲೂ ನೀರು ಕುಡಿಯದೆ ಕುಳಿತವಳು. ಎರಡು ಸಲ ಉರಿಮೂತ್ರವಾಗಿ ದವಾಖಾನೆ ಕಂಡವಳು. ಅದನ್ನೆಲ್ಲ ಹೇಳಲಿಲ್ಲ. "ನಾ ಹೌದ್ರಿ ಅನ್ನಂಗಿಲ್ಲ" ಅಂದಳು, ಅಷ್ಟೇ.

ಜೈಪಾಲನ ದನಿ ಏರಿತು. ಆರ್ಡರು ತಪ್ಪಿದರೆ ಮೂವತ್ತು ಜನರ ಕೆಲಸ ಹೋಗುತ್ತದೆ, ಈಗಾಗಲೇ ಊರಲ್ಲಿ ಅರ್ಧಕ್ಕರ್ಧ ಮಷಿನ್ನು ನಿಂತಿವೆ, ಮನೆಮನೆಗೂ ಟೈಲ್ಸ್ ಬಂದಮೇಲೆ ಫರಸಿ ಕೇಳುವವರಿಲ್ಲ, ಹೊರದೇಶದವರೇ ಗತಿ ಎಂದ. ಈಶಮ್ಮನೂ ಏರಿಸಿದಳು. ಸುಳ್ಳು ಹೇಳಬೇಕಾದವಳು ತಾನು, ಲಾಭ ಮಾತ್ರ ಮಾಲಕರಿಗೆ, ಇದ್ಯಾವ ನ್ಯಾಯ ಎಂದಳು. ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಮಾಣಿಕ ಎದ್ದು ಅದನ್ನು ಮಗುಚಿ ಹಾಕಿ, ಸುಟ್ಟ ರೊಟ್ಟಿ ಯಾರ ಪಾಲಿಗೆ, ಮಾಲಕರ ಪಾಲಿಗೋ ಮುಕಾದಮನ ಪಾಲಿಗೋ ಎಂದು ಕೇಳಿದ. ಕೊನೆಗೆ ಅದನ್ನು ಅವನೇ ತಿಂದ.

ಮಾಣಿಕ ಒಂದು ಕಾಲಕ್ಕೆ ಇಡೀ ತಾಂಡೂರಿನಲ್ಲಿ ಹೆಸರಾದ ಫರಸಿ ಹಾಸುವವ. ಆಮೇಲೆ ಕೊಯ್ಯುವ ಮಷಿನ್ನಿಗೆ ಹೋದ. ಹದಿನೈದು ವರ್ಷದ ಧೂಳು ಎದೆಯಲ್ಲಿ ಕೂತು, ನಾಲ್ಕು ವರ್ಷದಿಂದ ಅವನು ಮನೆಯಲ್ಲೇ. ಸುಮ್ಮನೆ ಕೂರುವ ಗಂಡಸಲ್ಲ, ಅಡಿಗೆ ಹಿಡಿದ. ಅವನ ತೊಗರಿಬೇಳೆಯ ರುಚಿ ಕಂಡಮೇಲೆ ಮನೆಯ ಹೆಂಗಸರು ಆ ಒಲೆ ಅವನಿಗೇ ಬಿಟ್ಟುಕೊಟ್ಟಿದ್ದರು. ರೊಟ್ಟಿ ಮಾತ್ರ ಅವನ ಕೈಗೆ ದುಂಡಗೆ ಬರುತ್ತಿರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ತಾಯಿ ಮಗನ ಮಾತು ನಿಂತಿತು. ಹೇಳಬೇಕಾದದ್ದೆಲ್ಲ ಸೊಸೆ ಯಾಮಿನಿಯ ಮೂಲಕ. ನಳಕ್ಕೆ ನೀರು ಬಂದಿದೆಯೆಂದು ನಿನ್ನ ಗಂಡನಿಗೆ ಹೇಳು. ಬುತ್ತಿ ಡಬ್ಬಿಗೆ ಶೇಂಗಾದ ಹಿಂಡಿ ಹಾಕಬೇಡವೆಂದು ಅತ್ತೆಗೆ ಹೇಳು. ಯಾಮಿನಿ ಬಿ.ಕಾಂ. ಓದಿದವಳು, ಪೇಟೆಯ ಮೀಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೆಲಸ. ಮೂರನೆಯ ದಿನ ಅವಳಿಗೆ ಸಾಕಾಯಿತು. ದಿನವೆಲ್ಲ ಊರಿನವರ ಅರ್ಜಿ ತುಂಬಿ ಬಂದು ಮನೆಯಲ್ಲೂ ತಾನೇ ಅರ್ಜಿ ದಾಟಿಸಬೇಕೇ ಎಂದು ಕೇಳಿದಳು. ಬಾಬಾಸಾಹೇಬರ ಫೋಟೋದ ಕೆಳಗೆ ಚಾರ್ಜಿಗಿಟ್ಟಿದ್ದ ಮೊಬೈಲು ಕಿತ್ತುಕೊಂಡು ಬಂದು, ಎರಡು ದೇಶಗಳ ಕರಾರಿನಲ್ಲಿ ಏನಿದೆ ಎಂದು ತಾನು ಓದಿದ್ದನ್ನು ಇಬ್ಬರ ನಡುವೆ ಕುಳಿತು ಹೇಳಿದಳು.

"ಅತ್ತಿ, ಕೂಲಿ ಮಂದಿದೂ ಒಂದು ಅಧ್ಯಾಯ ಬರದಾರ. ಆದ್ರ ಅದನ್ನ ಮುರದ್ರ ಕೇಳಾಕ ಪಂಚಾಯ್ತಿ ಇಲ್ಲ. ಮಾಲಿನ ತಕರಾರಿಗಿ ಅದ, ಮಂದಿ ತಕರಾರಿಗಿ ಇಲ್ಲ."

"ಅಂದ್ರ ಬರದದ್ದು ಯಾಕ?" ಈಶಮ್ಮ ಕೇಳಿದಳು.

"ಚಂದ ಕಾಣ್ಲಿ ಅಂತ" ಎಂದ ಜೈಪಾಲ. ಮೂರು ದಿನದ ಮೇಲೆ ಅವ್ವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಎಲ್ಲಾರೂ ಚಂದ ಕಾಣಾಕ ಮಾಡ್ತಾರ. ನಾವಷ್ಟೇ ಯಾಕ ಖರೇ ಹೇಳಿ ಹೊಟ್ಟಿಮ್ಯಾಲ ಹೊಡಕೋಬೇಕು?"

ಇದೇ ಮಾತನ್ನು ಈಶಮ್ಮ ಮರುದಿನ ಕಾರ್ಖಾನೆಯಲ್ಲಿ ಬುತ್ತಿ ಬಿಚ್ಚಿದಾಗ ಹೆಂಗಸರನ್ನೇ ಕೇಳಿದಳು. ಅರ್ಧ ಜನ ಅವಳ ಕಡೆ. ಇನ್ನರ್ಧ ಅಂಜಮ್ಮನ ಕಡೆ. ಅಂಜಮ್ಮ ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದವಳು.

"ಈಶಕ್ಕಾ, ನಿನ್ನ ಮನ್ಯಾಗ ಮೂರು ಪಗಾರ ಬರ್ತಾವ. ನನಗ ಇದೊಂದೇ. ನಾ ಹತ್ತು ಸಲ ಹೌದ್ರಿ ಅಂತೀನಿ" ಎಂದಳು ಅಂಜಮ್ಮ. ಜಗಳದ ದನಿಯಲ್ಲ, ಉಪ್ಪಿನಕಾಯಿ ಬಡಿಸುತ್ತ ಹೇಳಿದ ಮಾತು.

ಈಶಮ್ಮ ಅರ್ಧ ಬುತ್ತಿ ಹಾಗೇ ಕಟ್ಟಿಟ್ಟಳು. ತಾನು ಖರೇ ಹೇಳಿ ದೊಡ್ಡವಳಾಗಿ, ಇವಳ ಮಕ್ಕಳ ಸಾಲಿ ಬಿಡಿಸುವುದೇ? ಇಡೀ ಮಧ್ಯಾಹ್ನ ಕಲ್ಲಿನ ಅಂಚು ತಿಕ್ಕುತ್ತ ಅದನ್ನೇ ಯೋಚಿಸಿದಳು. ಎದುರಿಗೆ ಮುರಿದ ಫರಸಿಯ ದಿಬ್ಬ ಆಳೆತ್ತರ ಬಿದ್ದಿತ್ತು. ಕೇಳುವವರಿಲ್ಲದ ಕಲ್ಲು. ನೋಡುತ್ತ ನೋಡುತ್ತ ಅವಳ ಕೈ ನಿಂತಿತು.

ಕೆಲಸ ಬಿಟ್ಟಮೇಲೆ ನೆಟ್ಟಗೆ ಮಾಲಕರ ಆಫೀಸಿಗೆ ಹೋದಳು. ಹಿಂದೆ ಅಂಜಮ್ಮ, ಅವಳ ಹಿಂದೆ ಉಳಿದವರು. ಹಣಮಂತರಾಯರು ಕೆಟ್ಟ ಮನುಷ್ಯರಲ್ಲ. ಹೊಲದಿಂದ ಬಂದು ಕಲ್ಲಿಗಿಳಿದ ಮನೆತನ; ತಲೆನೋವು ಬಂದರೆ ಹಣೆಗೆ ಟವೆಲು ಬಿಗಿದು ಕೂರುತ್ತಿದ್ದರು. ಅವತ್ತೂ ಬಿಗಿದಿದ್ದರು.

"ಮಾಲಕರ, ಸುಳ್ಳು ಯಾಕ ಹೇಳಬೇಕ್ರಿ? ಇನ್ನೂ ಇಪ್ಪತ್ತೈದು ದಿನ ಅದ. ಸಂಡಾಸ ಕಟ್ಟೇ ಬಿಡೋಣ" ಎಂದಳು ಈಶಮ್ಮ.

ಹಣಮಂತರಾಯರು ಕಷ್ಟ ತೋಡಿಕೊಂಡರು. ಕೊಳ್ಳುವವರಿಗೆ ಕಲ್ಲೂ ಸಸ್ತಾ ಬೇಕು, ನಮ್ಮಿಂದ ಧರ್ಮವೂ ಬೇಕು. ರೇಟು ಒಂದು ಪೈಸೆ ಏರಿಸುವುದಿಲ್ಲ. ಕಟ್ಟುವ ಗೌಂಡಿಯನ್ನು ಎಲ್ಲಿಂದ ತರಲಿ, ಕೂಲಿ ಎಲ್ಲಿಂದ ಕೊಡಲಿ ಎಂದರು. ಅದೂ ಸುಳ್ಳಾಗಿರಲಿಲ್ಲ. ಕಲ್ಲು ದಿಬ್ಬದಲ್ಲಿದೆ, ಕೈ ನಮ್ಮವು, ಸಿಮೆಂಟು, ಬಾಗಿಲು, ಪೈಪು ಮಾತ್ರ ನಿಮ್ಮದು ಎಂದಳು ಈಶಮ್ಮ. ರಾಯರು ಇನ್ನೂ ತಲೆ ಆಡಿಸುತ್ತಲೇ ಇದ್ದರು. ಆಗ ಅಂಜಮ್ಮ ಮೆಲ್ಲಗೆ ಬಾಯಿ ಬಿಟ್ಟಳು. ಹೋದ ದೀಪಾವಳಿಗೆ ಮಷಿನ್ ಪೂಜೆಗೆ ಬಂದಿದ್ದ ಅವರ ಹೆಂಡತಿ ಚಂದ್ರಾಬಾಯಿಯವರು ಆಫೀಸಿನ ಸಂಡಾಸಿನ ಬೀಗದ ಕೈ ಸಿಗದೆ, ಆರತಿಯನ್ನು ಅರ್ಧಕ್ಕೆ ಬಿಟ್ಟು ಆಟೋ ಹತ್ತಿ ಮನೆಗೆ ಓಡಿದ್ದನ್ನು ನೆನಪಿಸಿದಳು.

ಹಣಮಂತರಾಯರು ಟವೆಲು ಬಿಚ್ಚಿ ಮೇಜಿನ ಮೇಲಿಟ್ಟರು. "ಸಿಮೆಂಟ್ ಎಷ್ಟು ಚೀಲ ಬೇಕಾಗ್ತದ?" ಎಂದರು.

ಅಲ್ಲಿಂದ ಸುರುವಾದದ್ದು ಕೆಲಸವೋ ಮದುವೆಯೋ ಹೇಳುವುದು ಕಷ್ಟ. ಮಧ್ಯಾಹ್ನ ಒಂದು ತಾಸು, ಸಂಜೆ ಬೆಳಕಿರುವ ತನಕ ಒಂದು ತಾಸು. ಹೆಂಗಸರು ಸಾಲುಹಿಡಿದು ದಿಬ್ಬದಿಂದ ಕಲ್ಲು ದಾಟಿಸಿದರು. ಮಷಿನ್ನಿನ ಗಂಡಸರು ಎರಡು ದಿನ ದೂರ ನಿಂತು ನಗೆಯಾಡಿ, ಮೂರನೆಯ ದಿನ ತಾವೇ ಗುಂಡಿ ತೋಡಲು ಬಂದರು. ಗೋಡೆಯೇನೋ ಏಳುತ್ತಿತ್ತು, ಆದರೆ ನೆಲ ಹಾಸುವಾಗ ಇಳಿಜಾರು ತಪ್ಪಿತು. ನೀರು ಹೊರಗೆ ಹೋಗುವ ಬದಲು ಮೂಲೆಯಲ್ಲಿ ನಿಂತಿತು. ಎರಡು ಸಲ ಕಿತ್ತು ಹಾಸಿದರೂ ಅದೇ ಕಥೆ.

ಈಶಮ್ಮ ಅದನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದಳು. ಮರುದಿನ ಮಧ್ಯಾಹ್ನ ನೋಡಿದರೆ ಮಾಣಿಕ ಜೈಪಾಲನ ಗಾಡಿಯ ಹಿಂದೆ ಕುಳಿತು ಬಂದಿದ್ದಾನೆ. ಮೂಗು ಬಾಯಿಗೆ ಒದ್ದೆ ಬಟ್ಟೆ, ಕೈಯಲ್ಲಿ ಹಳೆಯ ಕರಣೆ. ನಾಲ್ಕು ವರ್ಷದ ಮೇಲೆ ಅವನು ಆ ಗೇಟು ದಾಟಿದ್ದು. ಅವನಿದ್ದಷ್ಟು ಹೊತ್ತು ಜೈಪಾಲ ಕೊಯ್ಯುವ ಮಷಿನ್ನು ಬಂದ್ ಇಟ್ಟ. ಮಾಣಿಕ ಒಂದು ಸ್ಟೂಲಿನ ಮೇಲೆ ಕುಳಿತು, ಕಣ್ಣು ಕಿರಿದು ಮಾಡಿ ನೆಲ ನೋಡಿ, ಎಲ್ಲವನ್ನೂ ಕೀಳಿಸಿದ. ಉದ್ದ ಬರುವುದು ಈ ಕಡೆ, ನಯವಾದದ್ದು ಕೆಳಗಲ್ಲ ಮೇಲೆ, ಆ ಕಲ್ಲು ಬೇಡ ಅದರಲ್ಲಿ ಸೀಳು ಇದೆ ಎಂದು ಒಂದೊಂದನ್ನೂ ಬಡಿದು ನೋಡಿ ಇಡಿಸಿದ. ಮಗ ಬಕೆಟ್ಟಿನಲ್ಲಿ ನೀರು ತಂದು ಸುರುವಿದ. ನೀರು ಒಂದು ಹನಿಯೂ ನಿಲ್ಲದೆ ಮೂಲೆಯ ತೂತಿಗೆ ಹರಿದುಹೋಯಿತು. ಹದಿನಾಲ್ಕು ಹೆಂಗಸರು ಚಪ್ಪಾಳೆ ತಟ್ಟಿದರು. ಮಾಣಿಕ ಬಟ್ಟೆ ಸರಿಸಿ, ಸಂಡಾಸಿಗೆ ಇಷ್ಟು ಚಂದದ ಫರಸಿ ನಿಜಾಮನ ಮನೆಯಲ್ಲೂ ಇರಲಿಕ್ಕಿಲ್ಲ ಎಂದ. ಜೈಪಾಲ ನಕ್ಕ. ಅವನು ನಕ್ಕದ್ದನ್ನು ಈಶಮ್ಮ ಎಷ್ಟೋ ದಿನದ ಮೇಲೆ ನೋಡಿದಳು.

ನೀಲಿಗಲ್ಲಿನ ಎರಡು ಕೋಣೆ, ತಗಡಿನ ಬಾಗಿಲು, ಒಳಗಿನಿಂದ ಚಿಲಕ, ಹೊರಗೆ ಕೈತೊಳೆಯಲು ನಳ. ಮಾಸ್ಕು ಗವಸುಗಳೂ ಬಂದವು. ಕೊಯ್ಯುವ ಗಾಲಿಯ ಮೇಲೆ ಧೂಳು ಏಳದಂತೆ ನೀರು ಬೀಳುವ ಪೈಪನ್ನು ಜೈಪಾಲನೇ ಕೂಡಿಸಿದ. ಆದರೂ ಮೇಡಂ ಬರುವ ಹಿಂದಿನ ಸಂಜೆ ಅವನು ಅವ್ವನ ಹತ್ತಿರ ಬಂದು ಬೇಡಿಕೊಂಡ. ಈಗಂತೂ ಸಂಡಾಸ ಇದೆ. ಯಾವಾಗಿನದು ಎಂದು ಕೇಳಿದರೆ ಮೂರು ವರ್ಷ ಆಯಿತು ಎಂದುಬಿಡು, ಅದೊಂದೇ ಸುಳ್ಳು ಎಂದ. ಈಶಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಳೆಗೆ ಇಸ್ತ್ರಿ ಅಂಗಿ ಹಾಕಿಕೋ ಎಂದಳು.

ಮೇಡಂ ಹೆಸರು ಸ್ವರೂಪಾ. ಮೂವತ್ತರ ಆಸುಪಾಸಿನ ಹೆಂಗಸು, ತಾಯಿಯ ತವರು ಭಾಲ್ಕಿ ಎಂದು ಕನ್ನಡದಲ್ಲೇ ಮಾತಾಡಿಸಿದರು. ಕಾಗದಪತ್ರ ನೋಡಿ, ಮಷಿನ್ನು ನೋಡಿ, ಕೊನೆಗೆ ಹೆಂಗಸರನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡರು. ಮಾಲಕರು ದೂರ. ಮುಕಾದಮ ಇನ್ನೂ ದೂರ. ಆದರೆ ಈಶಮ್ಮನಿಗೆ ಮಗನ ಮುಖ ಕಾಣುತ್ತಿತ್ತು.

ಸ್ವರೂಪಾ ಕೇಳಿದರು, "ಸಂಡಾಸ ಭಾಳ ಚಂದ ಅದ. ಕಟ್ಟಿ ಎಷ್ಟು ದಿನ ಆತ್ರಿ?"

ಅಂಜಮ್ಮ ನೆಲ ನೋಡುತ್ತಿದ್ದಳು. ಮೂರು ವರ್ಷ ಎನ್ನುವ ಮಾತು ಈಶಮ್ಮನ ನಾಲಿಗೆಯ ತುದಿಗೆ ಬಂದದ್ದು ನಿಜ. ಆದರೆ ಮೂರು ವರ್ಷ ಎಂದರೆ ಗಂಡ ಸ್ಟೂಲಿನ ಮೇಲೆ ಕುಳಿತು ಹಾಸಿಸಿದ ನೆಲವೂ, ಇವರೆಲ್ಲ ದಾಟಿಸಿದ ಕಲ್ಲೂ ಸುಳ್ಳಾಗುತ್ತಿದ್ದವು. ಅದಕ್ಕೆ ಅವಳ ಮನಸ್ಸು ಬರಲಿಲ್ಲ.

"ಹನ್ನೆರಡು ದಿನ ಆತ್ರಿ" ಎಂದಳು. "ನಾವೇ ಕಟ್ಟೀವಿ. ನೀವು ಬರ್ತೀರಿ ಅಂತ ಗೊತ್ತಾದ ಮ್ಯಾಲ."

ಸ್ವರೂಪಾ ತಲೆಯೆತ್ತಿ ನೋಡಿದರು. ಅದಕ್ಕೂ ಮೊದಲು ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಕೇಳಿದರು. ಈಶಮ್ಮ ದಿಬ್ಬ ತೋರಿಸಿದಳು. ಒಬ್ಬಳು ಬಾಯಿ ಬಿಟ್ಟದ್ದೇ ತಡ, ಉಳಿದವರೂ ಬಿಟ್ಟರು. ಸೂಟಿ ಇಲ್ಲದ್ದು, ಪಗಾರದ ಚೀಟಿ ಇಲ್ಲದ್ದು, ಮಾಸ್ಕು ಹೋದ ವಾರ ಬಂದದ್ದು, ಎಲ್ಲ ಹೊರಗೆ ಬಂತು. ಪೂಜೆಗೆ ಬಂದ ಚಂದ್ರಾಬಾಯಿ ಓಡಿದ್ದನ್ನೂ ಅಂಜಮ್ಮ ಹೇಳಿಬಿಟ್ಟಳು. ಸ್ವರೂಪಾ ನಗು ತಡೆಯಲಾರದೆ ಪೆನ್ನು ಕೆಳಗಿಟ್ಟರು.

ಎಲ್ಲ ಬರೆದುಕೊಂಡಾದ ಮೇಲೆ, ನೀವು ಏನಾದರೂ ಕೇಳುವುದಿದೆಯೇ ಎಂದರು. ಇಷ್ಟು ವರ್ಷಗಳಲ್ಲಿ ಈಶಮ್ಮನನ್ನು ಹಾಗೆ ಕೇಳಿದವರಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು.

"ಒಂದು ಮಾತು ಕೇಳ್ತೀನ್ರಿ ಮೇಡಂ. ಆ ಕಂಪನಿಯವರಿಗಿ ನಮ್ಮ ಮೂಗಿಗಿ ಮಾಸ್ಕ್ ಬೇಕು, ನಮಗ ಸೂಟಿ ಬೇಕು. ಭಾಳ ಚೊಲೊ ಮನಸಿನ ಮಂದಿ. ಆದ್ರ ಕಲ್ಲಿಗಿ ರೇಟ್ ಮಾತ್ರ ಹಳೇದೇ ಕೊಡ್ತಾರಂತ. ನಮ್ಮ ಸೂಟಿ ಯಾರ ಗಂಟಿನಾಗಿಂದ ಬರಬೇಕ್ರಿ?"

ಸ್ವರೂಪಾ ತಮ್ಮ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಇದಕ್ಕೆ ನನ್ನ ಕಾಗದದಲ್ಲಿ ಜಾಗವಿಲ್ಲ, ಆದರೂ ನೀವು ಹೇಳಿದಂತೆಯೇ ಬರೆಯುತ್ತೇನೆ ಎಂದು, ಹಾಳೆ ತಿರುಗಿಸಿ ಅದರ ಹಿಂದೆ ಬರೆದರು. ಈಶಮ್ಮ ಹೇಳಿದ್ದನ್ನು ಓದಿಯೂ ತೋರಿಸಿದರು.

ಅವತ್ತು ಸಂಜೆ ಜೈಪಾಲ ಬೈಯಲಿಲ್ಲ. ಬೈದಿದ್ದರೆ ಈಶಮ್ಮನಿಗೆ ಹಗುರಾಗುತ್ತಿತ್ತು. ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ. ಮಾಲಕರು ಅವನನ್ನು ಕರೆಸಿ ಏನೆಂದರೋ ಹೇಳಲಿಲ್ಲ. ಎರಡು ವಾರ ಕಂಪನಿಯಿಂದ ಸುದ್ದಿಯಿಲ್ಲ. ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿಯಾಯಿತು. ಕಾರ್ಖಾನೆಯಲ್ಲಿ ಒಂದೊಂದೇ ಮಷಿನ್ನು ನಿಂತಿತು. ಅಂಜಮ್ಮ ಈಶಮ್ಮನ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದಳು, ಒಂದು ಮಾತೂ ಅನ್ನುತ್ತಿರಲಿಲ್ಲ. ಅದನ್ನು ಸಹಿಸುವುದು ಕಷ್ಟವಾಗಿ, ಈಶಮ್ಮ ಒಂದು ಸಂಜೆ ಮಗನ ಹತ್ತಿರ ಹೋಗಿ ಕುಳಿತಳು.

"ನಾ ತಪ್ಪು ಮಾಡಿದ್ನೇನೋ ತಮ್ಮಾ?"

ಜೈಪಾಲ ಮೊಬೈಲು ಕೆಳಗಿಟ್ಟ. "ತಪ್ಪು ಅನ್ನಾಕ ನನಗ ಬಾಯಿ ಬರವಲ್ದು. ಅಪ್ಪನ ಎದಿ ಸಪ್ಪಳ ದಿನಾ ಕೇಳ್ತೀನಿ. ಆದ್ರ ಆರ್ಡರ್ ಬರ್ಲಿಲ್ಲಂದ್ರ ಮಂದಿ ಮುಖ ನೋಡಬೇಕಾದವ ನಾ, ಅವ್ವಾ."

ಈಶಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

ಕಾರ್ತಿಕ ಮುಗಿಯುವ ಹೊತ್ತಿಗೆ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಹಣಮಂತರಾಯರು ಓದಿಸಲು ಯಾಮಿನಿಯನ್ನೇ ಕರೆಸಿದರು. ಅವಳು ಮೀಸೇವಾದಿಂದ ಊಟದ ಹೊತ್ತಿನಲ್ಲಿ ಬಂದು, ಆಫೀಸಿನ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದಳು. ನಾಲ್ಕರ ಬದಲು ಈಗ ಎರಡೇ ಕಂಟೇನರ್. ವಾರಕ್ಕೊಂದು ಸೂಟಿ ಪಗಾರದ ಸಮೇತ ಕೊಟ್ಟು, ಎಲ್ಲರಿಗೂ ಚೀಟಿ ಕೊಟ್ಟು, ಆರು ತಿಂಗಳಿಗೆ ಮತ್ತೆ ತೋರಿಸಿದರೆ ಉಳಿದೆರಡು. ಕೂಲಿಯವರೊಬ್ಬರು ಎತ್ತಿದ ಪ್ರಶ್ನೆಯನ್ನು ತಾವು ವಿಚಾರ ಮಾಡಿದ್ದು, ಆ ಸೂಟಿಯ ಖರ್ಚಿಗೆಂದು ಒಂದು ವರ್ಷ ರೇಟು ಸ್ವಲ್ಪ ಏರಿಸುತ್ತೇವೆ ಎಂದೂ ಇತ್ತು.

ಎರಡೇ ಎಂದು ಹಣಮಂತರಾಯರು ಗೊಣಗಿದರು. ಏರಿಸಿದ್ದು ಸೂಟಿಯ ಅರ್ಧಕ್ಕೂ ಸಾಲದು ಎಂದು ಲೆಕ್ಕ ಹಾಕಿದರು. ಆಮೇಲೆ, ಕಲ್ಲು ಕೊಳ್ಳುವ ಮಂದಿಯಿಂದ ಇಪ್ಪತ್ತು ವರ್ಷದಲ್ಲಿ ನನಗೆ ಒಂದು ಪೈಸೆ ಏರಿಸಿಕೊಳ್ಳಲಾಗಿರಲಿಲ್ಲ, ನೀನು ಮರದ ಕೆಳಗೆ ಕುಳಿತು ಏರಿಸಿದೆ ಎಂದು ಈಶಮ್ಮನಿಗೇ ಹೇಳಿ, ಎಲ್ಲರಿಗೂ ಮಿರ್ಚಿಭಜಿ ತರಿಸಿದರು. ಅಂಜಮ್ಮ ತನ್ನ ಪಾಲಿನ ಭಜಿಯಲ್ಲಿ ಒಂದನ್ನು ಮುರಿದು ಈಶಮ್ಮನ ಬಾಯಿಗಿಟ್ಟಳು. ಖಾರಕ್ಕೋ ಯಾವುದಕ್ಕೋ ಇಬ್ಬರ ಕಣ್ಣಲ್ಲೂ ನೀರು ಬಂತು. ಜೈಪಾಲ ಮಷಿನ್ನುಗಳನ್ನು ಒಂದೊಂದಾಗಿ ಸುರುಮಾಡುತ್ತ ಹೋದ.

ಸೂಟಿಯ ಮೊದಲ ಭಾನುವಾರ ಈಶಮ್ಮ ಎಂದಿನಂತೆ ಐದಕ್ಕೇ ಎದ್ದಳು. ರೊಟ್ಟಿ ಬಡಿದಳು, ಕಸ ಹೊಡೆದಳು, ನೀರು ತುಂಬಿದಳು. ಎಂಟಾಗುವುದರೊಳಗೆ ಕೆಲಸ ತೀರಿತು. ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಳು. ಮಾಣಿಕ ಒಳಗಿನಿಂದ, ಮಗಳನ್ನು ನೋಡಿ ಬಾ, ಬೇಳೆ ನಾ ಮಾಡಿಕೊಳ್ಳುತ್ತೇನೆ ಎಂದ. ಮಗಳು ಮನೀಷಾಳನ್ನು ಝರಾಸಂಗಮಿಗೆ ಕೊಟ್ಟು ಎಂಟು ವರ್ಷವಾಗಿತ್ತು. ಈಶಮ್ಮ ಹೋಗಿದ್ದು ಮೂರೇ ಸಲ: ಎರಡು ಬಾಣಂತನ, ಬೀಗರ ಒಂದು ಸಾವು.

ಆಧಾರ್ ಕಾರ್ಡು ತೋರಿಸಿ ಹೆಂಗಸರ ಬಿಟ್ಟಿ ಟಿಕೀಟು ತಗೊಂಡು ಜಹೀರಾಬಾದಿಗೆ ಹೋದಳು. ಅಲ್ಲಿ ಬಸ್ಸು ಬದಲಿಸಿ, ಮೊಮ್ಮಕ್ಕಳಿಗೆ ಬಾಳೆಹಣ್ಣು ಕೊಂಡು, ಹನ್ನೆರಡರ ಹೊತ್ತಿಗೆ ಝರಾಸಂಗಮಿನಲ್ಲಿ ಇಳಿದಳು. ಅಂಗಳದಲ್ಲಿ ಮನೀಷಾ ಬಟ್ಟೆ ಹಿಂಡುತ್ತಿದ್ದಳು. ಅವ್ವನನ್ನು ಕಂಡವಳೇ ಕೈಯಲ್ಲಿದ್ದ ಸೀರೆ ಬಿಟ್ಟಳು. ಅವಳ ಮುಖ ಬಿಳಿಚಿತು.

"ಅವ್ವಾ, ಏನಾತು? ಅಪ್ಪ ಹೆಂಗದಾನ?"

"ಚೊಲೊ ಅದಾನ. ಬ್ಯಾಳಿ ಮಾಡಾಕತ್ಯಾನ."

"ಮತ್ತ ಅಣ್ಣ? ವೈನಿ?"

"ಎಲ್ಲಾರೂ ಚೊಲೊ ಅದಾರ."

ಮನೀಷಾಳಿಗೆ ನಂಬಿಕೆ ಬರಲಿಲ್ಲ. ಹತ್ತಿರ ಬಂದು ಅವ್ವನ ಎರಡೂ ಕೈ ಹಿಡಿದು, ಮುಚ್ಚಿಡಬೇಡ, ಖರೇ ಹೇಳು, ಸುಮ್ಮನೆ ನೀನು ಬರುವವಳಲ್ಲ ಎಂದಳು.

"ಖರೇನೇ ಹೇಳಾಕತ್ತೀನಿ" ಎಂದಳು ಈಶಮ್ಮ. "ಯಾರಿಗೂ ಏನೂ ಆಗಿಲ್ಲವ್ವಾ. ಇವತ್ತ ನನ್ನ ಸೂಟಿ."